ಹದಿನೇಳು ಹೊಡೆತ, ಸೊನ್ನೆ ಗೋಲು: ಕಾಲೇಜು ತಂಡಕ್ಕೆ ಕೊಂಡ ಪಂದ್ಯ ವಿಶ್ಲೇಷಣೆ ಸೇವೆಯ ವಿಮರ್ಶೆ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರದ ಅಧ್ಯಾಪಕ. ಕ್ರೀಡಾ ಸಮಿತಿಯಲ್ಲಿ ಹೆಸರಿರುವ ಕಾರಣಕ್ಕೆ ಫುಟ್‌ಬಾಲ್ ತಂಡದ ವ್ಯವಸ್ಥಾಪಕನ ಹೊಣೆಯೂ ಮೂರು ವರ್ಷಗಳಿಂದ ನನ್ನ ಮೇಲಿದೆ. ಆಟ ಕಲಿಸುವುದು ದೈಹಿಕ ಶಿಕ್ಷಣ ನಿರ್ದೇಶಕರ ಕೆಲಸ. ಬಸ್ಸಿನ ಬಾಡಿಗೆ, ಬಾಳೆಹಣ್ಣು, ಗ್ಲೂಕೋಸ್, ಹಾಜರಾತಿ ವಿನಾಯಿತಿಯ ಪತ್ರ ಇವು ನನ್ನ ಕೆಲಸ. ಈ ಸಲದ ಅಂತರ ಕಾಲೇಜು ಪಂದ್ಯಾವಳಿಯ ಸೆಮಿಫೈನಲ್‌ಗೆ ಮುನ್ನ ಹುಡುಗರು ಬಂದು, ಪಂದ್ಯವನ್ನು ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಮರುದಿನ ಅಂಕಿ-ಅಂಶಗಳ ವರದಿ ಕಳಿಸುವ ಸೇವೆಯೊಂದನ್ನು ತೆಗೆದುಕೊಳ್ಳೋಣ ಎಂದು ಕೇಳಿದರು. ಸಂಖ್ಯಾಶಾಸ್ತ್ರದ ಮೇಷ್ಟ್ರೇ ಬೇಡ ಎಂದರೆ ಚೆನ್ನಾಗಿರುವುದಿಲ್ಲವೆಂದು ಒಪ್ಪಿದೆ. ಒಂದು ಪಂದ್ಯಕ್ಕೆ 4,000 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿ 4,720 ರೂಪಾಯಿ. ಅರ್ಧವನ್ನು ಕ್ರೀಡಾ ನಿಧಿಯಿಂದ ತೆಗೆದೆವು, ಉಳಿದರ್ಧವನ್ನು ಹುಡುಗರೇ ಕೂಡಿಸಿ ಕೊಟ್ಟರು. ಸೇವೆ ಕೊಟ್ಟ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಸೇವೆ ಮಾರುವವರು ಈಗ ಹಲವರಿದ್ದು, ಅವರ ವರದಿಗಳ ಅಚ್ಚು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನನ್ನ ಮಾತು ಒಬ್ಬರಿಗೆ ಮಾತ್ರ ಅನ್ವಯಿಸುವಂಥದ್ದಲ್ಲ. ಪಂದ್ಯವನ್ನು ನಾವು 0–1ರಿಂದ ಸೋತೆವು. ವರದಿಯ ಮೊದಲ ಪುಟವನ್ನು ನಂಬುವುದಾದರೆ ನಾವು ಸೋಲಬಾರದಿತ್ತು.

ಕಿಟ್ ಹಿಂದಿನ ದಿನವೇ ಕೊರಿಯರ್‌ನಲ್ಲಿ ಬಂತು. ಎರಡು ಕಣ್ಣಿನ ಒಂದು ಕ್ಯಾಮೆರಾ, ಮಡಚಿ ಇಡಬಹುದಾದ ಉದ್ದನೆಯ ಕಂಬ, ಅದನ್ನು ಬಿಗಿಯಲು ಹಗ್ಗ, ಒಂದು ಬ್ಯಾಟರಿ. ಮಧ್ಯದ ಗೆರೆಗೆ ನೇರವಾಗಿ ಮೈದಾನದ ಪಕ್ಕದಲ್ಲಿ ಕಂಬ ನಿಲ್ಲಿಸಿದರೆ ಕ್ಯಾಮೆರಾ ಇಡೀ ಮೈದಾನವನ್ನು ಒಟ್ಟಿಗೆ ನೋಡುತ್ತದೆ, ಚೆಂಡು ಎಲ್ಲಿದೆಯೋ ಆ ಭಾಗವನ್ನು ತಂತ್ರಾಂಶವೇ ಹುಡುಕಿ ಹಿಂಬಾಲಿಸುತ್ತದೆ. ಇಂಥ ಕ್ಯಾಮೆರಾಗಳ ಬಗ್ಗೆ ಒಂದು ಕಥೆ ಮೊದಲೇ ಗೊತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ತಂಡದ ಪಂದ್ಯವೊಂದರಲ್ಲಿ ಸ್ವಯಂಚಾಲಿತ ಕ್ಯಾಮೆರಾ ಲೈನ್ಸ್‌ಮನ್ನರ ಬೋಳುತಲೆಯನ್ನೇ ಚೆಂಡೆಂದು ತಿಳಿದು ಮತ್ತೆ ಮತ್ತೆ ಅದರ ಹಿಂದೆ ಹೋಗಿತ್ತು, ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ಆಟಕ್ಕಿಂತ ತಲೆಯೇ ಹೆಚ್ಚು ಕಂಡಿತ್ತು. ನನ್ನ ತಲೆಯೂ ಅದೇ ಜಾತಿಯದಾದ್ದರಿಂದ ಆ ದಿನ ಟೋಪಿ ಹಾಕಿಕೊಂಡೇ ಬೆಂಚಿನ ಮೇಲೆ ಕೂತೆ. ನಮ್ಮ ಕ್ಯಾಮೆರಾ ಅಂಥ ತಪ್ಪೇನೂ ಮಾಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಸಂಜೆಯ ಸುಮಾರು ಹತ್ತು ನಿಮಿಷಗಳ ಚಿತ್ರ ಬಿಸಿಲಿಗೆ ಬೆಳ್ಳಗಾಗಿದ್ದರೆ ಅದಕ್ಕೆ ಕಂಬವನ್ನು ಉತ್ತರದ ಕಡೆ ನೆಟ್ಟ ನಾವೇ ಹೊಣೆ.

ವರದಿ ಮರುದಿನ ಹನ್ನೊಂದು ಗಂಟೆಗೆ, ಹೇಳಿದ ಸಮಯಕ್ಕೇ ಬಂತು. ಹದಿನಾಲ್ಕು ಪುಟಗಳ ಪಿಡಿಎಫ್, ಪ್ರತಿ ಆಟಗಾರನಿಗೆ ಒಂದೊಂದು ಚೌಕಟ್ಟು, ಬಣ್ಣಬಣ್ಣದ ನಕ್ಷೆಗಳು. ಎಣಿಕೆ ಎಷ್ಟು ಸರಿಯಿದೆಯೆಂದು ನೋಡಲು, ವೃತ್ತಿಯ ಚಟದಿಂದ, ಮೊದಲಾರ್ಧದ ಹತ್ತು ನಿಮಿಷಗಳ ಪಾಸ್‌ಗಳನ್ನು ನಾನೇ ಕೂತು ಎಣಿಸಿದೆ. ವರದಿಯಲ್ಲಿ 71 ಇತ್ತು, ನನಗೆ 66 ಸಿಕ್ಕಿತು. ಅನುಮಾನ ಬಂದು ಮತ್ತೊಮ್ಮೆ ಎಣಿಸಿದಾಗ 69 ಆಯಿತು. ಕಾಲಿಗೆ ತಗುಲಿ ಪಕ್ಕದವನಿಗೆ ಹೋದ ಚೆಂಡು ಪಾಸೋ ಅಲ್ಲವೋ ಎಂಬುದರಲ್ಲಿ ನನಗೆ ನನ್ನೊಂದಿಗೇ ಒಮ್ಮತವಿಲ್ಲದಿರುವಾಗ ಯಂತ್ರವನ್ನು ದೂರುವುದು ನ್ಯಾಯವಲ್ಲ. ಕೆಸರಿನಿಂದ ಮುಚ್ಚಿಹೋದ 3 ಮತ್ತು 8ರ ಜೆರ್ಸಿಗಳನ್ನು ಅದು ಒಂದೆರಡು ಕಡೆ ಅದಲುಬದಲು ಮಾಡಿತ್ತು, ಅಷ್ಟೇ. ಎಣಿಸುವ ಕೆಲಸವನ್ನು ಈ ಸೇವೆ ಕೊಟ್ಟ ಹಣಕ್ಕೆ ತಕ್ಕಂತೆ ಮಾಡಿದೆ. ನನ್ನ ತಕರಾರು ಎಣಿಕೆಯ ಮೇಲಲ್ಲ. ಎಣಿಸಿದ್ದನ್ನು ಮುಂದಿಟ್ಟ ರೀತಿಯ ಮೇಲೆ ಮತ್ತು ಎಣಿಸಲು ಬಾರದೆ ಬಿಟ್ಟದ್ದರ ಮೇಲೆ.

ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಎರಡು ಸಂಗತಿಗಳಿದ್ದವು. ಚೆಂಡು ನಮ್ಮ ಕಾಲಲ್ಲಿದ್ದದ್ದು ಶೇಕಡ 64ರಷ್ಟು ಹೊತ್ತು. ಗೋಲಿನತ್ತ ನಾವು ಹೊಡೆದದ್ದು 17 ಸಲ, ಎದುರಾಳಿಗಳು 3 ಸಲ. ಹುಡುಗರು ಇದನ್ನು ನೋಡಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ನಾವೇ ಚೆನ್ನಾಗಿ ಆಡಿದೆವು, ಹಣೆಬರಹ ಸರಿಯಿರಲಿಲ್ಲ ಎಂದು ಬರೆದುಕೊಂಡು ಸಮಾಧಾನಪಟ್ಟರು. ಚೆಂಡು ಹೆಚ್ಚು ಹೊತ್ತು ಇಟ್ಟುಕೊಂಡವರೇ ಗೆಲ್ಲಬೇಕೆಂಬುದಿದ್ದರೆ 2022ರ ವಿಶ್ವಕಪ್‌ನಲ್ಲಿ ಸ್ಪೇನ್ ತಂಡಕ್ಕೆ ಆದದ್ದು ಆಗಬಾರದಿತ್ತು. ಆ ಟೂರ್ನಿಯಲ್ಲಿ ಜಪಾನ್ ಶೇಕಡ 18ಕ್ಕಿಂತ ಕಡಿಮೆ ಹೊತ್ತು ಚೆಂಡನ್ನಿಟ್ಟುಕೊಂಡು ಸ್ಪೇನನ್ನು 2–1ರಿಂದ ಸೋಲಿಸಿತು. ಕೆಲವೇ ದಿನಗಳ ನಂತರ ಮೊರಾಕೊ ಎದುರು ಅದೇ ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟು ಒಂದೂ ಗೋಲು ಗಳಿಸಲಾರದೆ, ಪೆನಾಲ್ಟಿ ಒದೆತಗಳಲ್ಲಿಯೂ ಒಂದನ್ನೂ ಒಳಹಾಕಲಾರದೆ ಮನೆಗೆ ಹೋಯಿತು. ಚೆಂಡು ನಮ್ಮಲ್ಲಿತ್ತು ಎಂಬ ಅಂಕಿ, ಅದು ನಮ್ಮಲ್ಲಿರಲಿ ಎಂದು ಎದುರಾಳಿಗಳೇ ಬಿಟ್ಟಿದ್ದರೇ ಎಂಬುದನ್ನು ಹೇಳುವುದಿಲ್ಲ.

ನಮ್ಮ ಪಂದ್ಯದಲ್ಲಿ ಅವರು ಬಿಟ್ಟಿದ್ದರು ಎಂಬುದಕ್ಕೆ ನನ್ನ ಹತ್ತಿರ ಸಾಕ್ಷ್ಯವಿದೆ, ಆದರೆ ಅದು ವರದಿಯಲ್ಲಿಲ್ಲ. ನಮ್ಮ ಮೈದಾನದ ಪೂರ್ವದ ಅರ್ಧಕ್ಕೆ ಕೆಲವು ವರ್ಷಗಳ ಹಿಂದೆ ಗರಸು ಹೊಡೆಸಿ ರೋಲರ್ ಉರುಳಿಸಿದ್ದರು. ಅಷ್ಟರಲ್ಲಿ ದುಡ್ಡು ಮುಗಿದದ್ದರಿಂದ ಪಶ್ಚಿಮದ ಅರ್ಧ ಎರೆಮಣ್ಣಾಗಿಯೇ ಉಳಿಯಿತು. ಎರೆಮಣ್ಣಿನ ಗುಣ ಈ ಕಡೆಯ ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಉಬ್ಬಿ ನೀರನ್ನು ಹಿಡಿದುಕೊಂಡು ಬೂಟಿನ ಸ್ಟಡ್‌ಗಳ ನಡುವೆ ಬೆಲ್ಲದ ಪಾಕದಂತೆ ಮೆತ್ತಿಕೊಳ್ಳುತ್ತದೆ. ಪಂದ್ಯದ ಹಿಂದಿನ ರಾತ್ರಿ ಮಳೆ ಬಂದಿತ್ತು. ಚಿತ್ರದುರ್ಗದಿಂದ ಬಂದ ಎದುರಾಳಿ ತಂಡದ ನಾಯಕ, ತನ್ನವರೆಲ್ಲ ನೆರಳಿನಲ್ಲಿ ಬೂಟು ಕಟ್ಟಿಕೊಳ್ಳುತ್ತಿರುವಾಗ ಒಬ್ಬನೇ ಮೈದಾನದ ಸುತ್ತ ನಡೆದು, ಹತ್ತು ಹೆಜ್ಜೆಗೊಮ್ಮೆ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುತ್ತಿದ್ದ. ನಾನು ಅದನ್ನು ಕಂಡೆ, ಬಾಳೆಹಣ್ಣಿನ ಗೊನೆ ಬಿಚ್ಚುವುದರಲ್ಲಿ ತೊಡಗಿದ್ದರಿಂದ ಏನೆಂದು ಯೋಚಿಸಲಿಲ್ಲ. 2019ರಿಂದ ನಿಯಮ ಬದಲಾಗಿ, ಟಾಸ್ ಗೆದ್ದವರು ಮೊದಲ ಒದೆತವನ್ನೂ ಕೇಳಬಹುದು, ಯಾವ ಗೋಲಿನ ಕಡೆ ಆಡಬೇಕೆಂದೂ ಆರಿಸಬಹುದು. ಟಾಸ್ ಗೆದ್ದ ಆ ಹುಡುಗ ದಿಕ್ಕನ್ನು ಆರಿಸಿಕೊಂಡ: ಮೊದಲಾರ್ಧದಲ್ಲಿ ಪಶ್ಚಿಮಕ್ಕೆ. ಅಂದರೆ ಎರಡನೇ ಅರ್ಧದಲ್ಲಿ, ಎಲ್ಲರ ಕಾಲು ಸೋತು ಕೆಸರು ಇನ್ನಷ್ಟು ತುಳಿದ ಮೇಲೆ, ನಾವು ಅದೇ ಎರೆಮಣ್ಣಿನೊಳಗೆ ನುಗ್ಗಬೇಕು, ಅವರು ಅಲ್ಲಿ ನಿಂತು ಕಾಯಬೇಕು.

ಹಾಗೇ ಆಯಿತು. ನಮ್ಮವರು ಕಲಿತದ್ದು ನೆಲಕ್ಕೆ ಅಂಟಿದ ಸಣ್ಣ ಪಾಸ್‌ಗಳ ಆಟ. ಗರಸಿನ ಮೇಲೆ ಅದು ಚೆಂದವಾಗಿ ನಡೆಯಿತು. ಗೋಲಿನ ಮುಂದಿನ ಪೆನಾಲ್ಟಿ ಚೌಕದ, ಅಂದರೆ ನಾವು ಡಿ ಎನ್ನುವ ಜಾಗದ, ಹತ್ತಿರ ಬಂದ ಕೂಡಲೇ ಚೆಂಡು ಕೆಸರಿನಲ್ಲಿ ಕೂತುಬಿಡುತ್ತಿತ್ತು, ಹಿಂದಿನಿಂದ ಓಡಿ ಬಂದವನು ಅದನ್ನು ದಾಟಿ ಮುಂದೆ ಹೋಗಿರುತ್ತಿದ್ದ. ವರದಿಯ ಶಾಖ ನಕ್ಷೆಯಲ್ಲಿ, ಅಂದರೆ ಚೆಂಡು ಹೆಚ್ಚು ಆಡಿದ ಜಾಗವನ್ನು ಕೆಂಪಾಗಿ ತೋರಿಸುವ ಚಿತ್ರದಲ್ಲಿ, ಮಧ್ಯಭಾಗ ಕಡುಗೆಂಪು, ಎದುರಾಳಿಗಳ ಡಿ ಬೆಳ್ಳಗೆ. ಅದರ ಕೆಳಗೆ ಯಂತ್ರವೇ ಬರೆದ ಒಂದು ಸಾಲು, ಮುಂಚೂಣಿ ಆಟಗಾರರು ಡಿ ಒಳಗೆ ಸಾಕಷ್ಟು ಪ್ರವೇಶಿಸಲಿಲ್ಲ ಎನ್ನುತ್ತದೆ. ಪ್ರವೇಶಿಸಿದ್ದರು. ಚೆಂಡು ಪ್ರವೇಶಿಸಲಿಲ್ಲ.

ಹದಿನೇಳು ಹೊಡೆತಗಳ ವಿಷಯಕ್ಕೆ ಬಂದರೆ, ಇಲ್ಲಿ ನಾನು ಅಂಕಿ-ಅಂಶದ ಪರವಾಗಿಯೇ ಮಾತಾಡಬೇಕಾಗಿದೆ. ಏಳನೇ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರಗಳಲ್ಲಿ, ನಿರೀಕ್ಷಿತ ಗೋಲು ಎಂಬ ಲೆಕ್ಕವಿತ್ತು. ಹಿಂದೆ ಆಡಿದ ಸಾವಿರಾರು ಪಂದ್ಯಗಳಲ್ಲಿ ಅದೇ ದೂರದಿಂದ, ಅದೇ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಹೊಡೆದ ಚೆಂಡುಗಳಲ್ಲಿ ಎಷ್ಟು ಪಾಲು ಗೋಲಾದವು ಎಂದು ನೋಡಿ ಪ್ರತಿ ಹೊಡೆತಕ್ಕೂ ಸೊನ್ನೆಯಿಂದ ಒಂದರ ನಡುವಿನ ಬೆಲೆ ಕಟ್ಟುವುದು ಇದರ ಕ್ರಮ. ಪೆನಾಲ್ಟಿ ಒದೆತಕ್ಕೆ ಸಾಮಾನ್ಯವಾಗಿ ಮುಕ್ಕಾಲರ ಆಸುಪಾಸು ಬೆಲೆ. ಡಿ ಹೊರಗಿನಿಂದ ಜನಜಂಗುಳಿಯ ಮೇಲೆ ಹಾರಿಸಿದ ಚೆಂಡಿಗೆ ನೂರಕ್ಕೆ ಮೂರೋ ನಾಲ್ಕೋ. ನಮ್ಮ 17 ಹೊಡೆತಗಳ ಒಟ್ಟು ಬೆಲೆ 1.0, ಅವರ 3 ಹೊಡೆತಗಳದ್ದು 0.9. ಅಂದರೆ ಮೊದಲ ಪುಟದಲ್ಲಿ ಆನೆ-ಇಲಿಯಂತೆ ಕಂಡ ಎರಡು ತಂಡಗಳು ಏಳನೇ ಪುಟದಲ್ಲಿ ಸಮಸಮ. ನಮ್ಮ ಪ್ರತಿ ಹೊಡೆತದ ಸರಾಸರಿ ಬೆಲೆ 0.06 ಎಂದಿಟ್ಟುಕೊಂಡರೆ ಹದಿನೇಳೂ ಹೊರಹೋಗುವ ಸಂಭವನೀಯತೆ, 0.94ನ್ನು ಹದಿನೇಳು ಸಲ ಗುಣಿಸಿದರೆ, 0.35ರಷ್ಟು ಬರುತ್ತದೆ. ಮೂರು ಪಂದ್ಯಗಳಲ್ಲಿ ಒಂದರಲ್ಲಿ ಹೀಗಾಗುವುದೇ ವಾಡಿಕೆ. ಹಣೆಬರಹವನ್ನು ಬೈಯುವಷ್ಟು ಅಪರೂಪದ ಸಂಗತಿಯೇನಲ್ಲ. ಇದನ್ನು ನಾನು ತರಗತಿಯ ಹಲಗೆಯ ಮೇಲೆ ಬರೆದು ತೋರಿಸಿದಾಗ ನಮ್ಮ ಸ್ಟ್ರೈಕರ್, ದ್ವಿಪದ ವಿತರಣೆಯ ಪಾಠದಲ್ಲಿ ಎಂದೂ ಎಚ್ಚರವಾಗಿರದವನು, ಕೊನೆಯ ಸಾಲಿನವರೆಗೆ ನೋಡುತ್ತ ಕೂತಿದ್ದ. ಸಂಸ್ಥೆಯವರು ಯಾವುದನ್ನು ಮೊದಲ ಪುಟದಲ್ಲಿ ಹಾಕಬೇಕಿತ್ತೋ ಅದನ್ನು ಏಳನೆಯದರಲ್ಲಿ ಹೂತಿದ್ದಾರೆ. ಆ ಬೆಲೆಗಳನ್ನು ಕಟ್ಟಿದ್ದು ಕತ್ತರಿಸಿದ ಹುಲ್ಲಿನ ಮೇಲೆ ಆಡುವ ವೃತ್ತಿಪರರ ಪಂದ್ಯಗಳಿಂದ, ಎರೆಮಣ್ಣಿಗೆ ಅವು ಎಷ್ಟು ಒಗ್ಗುತ್ತವೆ ಎಂಬ ಪ್ರಶ್ನೆ ಬೇರೆಯೇ ಇದೆ.

ಕೊನೆಯ ಪುಟದ ಸಲಹೆ ಇನ್ನೂ ಕೆಟ್ಟದ್ದು. ನಿಮ್ಮ ಹೊಡೆತಗಳಲ್ಲಿ ಹೆಚ್ಚಿನವು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ನಂತರ ಬಂದಿವೆ, ಆದ್ದರಿಂದ ನೇರ ಆಟವನ್ನು ಹೆಚ್ಚಿಸಿ ಎಂದು ಅದರಲ್ಲಿತ್ತು. ಇದು ಎಪ್ಪತ್ತು ವರ್ಷ ಹಳೆಯ ತಪ್ಪು. ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ 1950ರ ಮಾರ್ಚ್‌ನಲ್ಲಿ ಸ್ವಿಂಡನ್ ತಂಡದ ಪಂದ್ಯವೊಂದನ್ನು ನೋಡುತ್ತ ಪೆನ್ಸಿಲ್ ಹಿಡಿದು ದಾಳಿಗಳನ್ನು ಗುರುತು ಹಾಕಿಕೊಳ್ಳಲು ತೊಡಗಿದರು, ಮುಂದೆ ದಶಕಗಳ ಕಾಲ ಅದನ್ನೇ ಮಾಡಿದರು. ಬಹುಪಾಲು ಗೋಲುಗಳು ಮೂರು ಪಾಸ್‌ಗಳೊಳಗೆ ಬರುತ್ತವೆ ಎಂಬುದು ಅವರ ಶೋಧ. ಹಾಗಾಗಿ ಚೆಂಡನ್ನು ಉದ್ದಕ್ಕೆ ಹೊಡೆಯಿರಿ ಎಂಬುದು ಅದರಿಂದ ತೆಗೆದ ತೀರ್ಮಾನ. ಆದರೆ ಫುಟ್‌ಬಾಲ್‌ನಲ್ಲಿ ಬಹುಪಾಲು ದಾಳಿಗಳೇ ಮೂರು ಪಾಸ್‌ಗಳೊಳಗೆ ಮುಗಿದುಹೋಗುತ್ತವೆ. ಛೇದವನ್ನು ಬಿಟ್ಟು ಅಂಶವನ್ನಷ್ಟೇ ಓದಿದರೆ ಹೀಗಾಗುತ್ತದೆ. ದಾವಣಗೆರೆಯ ಆಸ್ಪತ್ರೆಗಳಲ್ಲಿ ದಾಖಲಾಗುವವರಲ್ಲಿ ಹೆಚ್ಚಿನವರು ಬೆಣ್ಣೆ ದೋಸೆ ತಿಂದವರು ಎಂಬುದರಿಂದ ದೋಸೆಯ ಮೇಲೆ ಅಪವಾದ ಹೊರಿಸಿದಂತೆ. ಊರಲ್ಲಿ ತಿನ್ನದವರು ಯಾರಿದ್ದಾರೆ?

ಇಷ್ಟೆಲ್ಲ ನನ್ನ ಪಾಂಡಿತ್ಯದ ಮಾತಾಯಿತು. ಈ ಸೇವೆ ನಮ್ಮ ತಂಡಕ್ಕೆ ನಿಜವಾಗಿ ನೋವು ಮಾಡಿದ್ದು ಆಟಗಾರರಿಗೆ ಹತ್ತಕ್ಕೆ ಇಂತಿಷ್ಟು ಎಂದು ಕೊಟ್ಟ ಅಂಕಗಳಿಂದ. ಹನ್ನೊಂದು ಜನರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಇಳಿಸಿ ಬರೆದಿದ್ದರು. ಕೊನೆಯ ಸ್ಥಾನದಲ್ಲಿ ನಮ್ಮ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಂತು ದಾಳಿ ತಡೆಯುವವನು), 3.9 ಅಂಕ, ಮುಂದೆ ಕೆಂಪು ಗುರುತು: ಗೋಲಿಗೆ ಕಾರಣವಾದ ತಪ್ಪು, ಒಂದು. ಹರಿಹರದಿಂದ ದಿನಾ ಓಡಾಡುವ, ಕೊನೆಯ ವರ್ಷದ, ಮಾತು ಕಡಿಮೆಯ ಹುಡುಗ. ಅವನು ತಡೆದ ಚೆಂಡುಗಳೂ ಪಟ್ಟಿಯಲ್ಲಿ ಕಡಿಮೆ ಇದ್ದವು, ಏಕೆಂದರೆ ಅವನು ನಿಂತ ಕಡೆ ಎದುರಾಳಿಗಳು ಚೆಂಡನ್ನೇ ಕೊಡುತ್ತಿರಲಿಲ್ಲ. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಯಾಪ್ ಸ್ಟಾಮ್ ಎಂಬ ಡಿಫೆಂಡರ್‌ನನ್ನು ಇಟಲಿಯ ಲಾಜಿಯೊಗೆ ಮಾರಿದ್ದು, ಅವನ ಟ್ಯಾಕಲ್‌ಗಳ ಸಂಖ್ಯೆ ಇಳಿದದ್ದೂ ಅದಕ್ಕೊಂದು ಕಾರಣವೆಂದು ಜನ ಆಡಿಕೊಂಡದ್ದು, ಮುಂದೆ ವ್ಯವಸ್ಥಾಪಕ ಅಲೆಕ್ಸ್ ಫರ್ಗುಸನ್ನರೇ ಮಾರಬಾರದಿತ್ತೆಂದು ಒಪ್ಪಿಕೊಂಡದ್ದು ಫುಟ್‌ಬಾಲ್ ಓದುವವರಿಗೆಲ್ಲ ಗೊತ್ತು. ನಮ್ಮ ಹುಡುಗರಿಗೆ ಗೊತ್ತಿರಲಿಲ್ಲ. ಪಟ್ಟಿಯ ಆ ಪುಟವನ್ನಷ್ಟೇ ಯಾರೋ ಗುಂಪಿನಲ್ಲಿ ಹಾಕಿದರು, ಕೆಳಗೆ ನಾಲ್ಕು ನಗುವ ಮುಖಗಳು ಬಂದವು, ಸ್ಟಾಪರ್ ಎರಡು ದಿನ ಅಭ್ಯಾಸಕ್ಕೆ ಬರಲಿಲ್ಲ.

ನನ್ನ ತಂದೆ ಈ ಊರಿನ ಹತ್ತಿಗಿರಣಿಯೊಂದರಲ್ಲಿ ನೂಲುವ ಖಾತೆಯಲ್ಲಿದ್ದರು. ನೂಲಿಗೆ ಕೌಂಟ್ ಎಂಬ ಅಂಕಿ ಇರುತ್ತದೆ; ಒಂದು ಪೌಂಡ್ ತೂಕದಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ಕೌಂಟ್, ಅಂಕಿ ಏರಿದಷ್ಟೂ ನೂಲು ತೆಳು. ಆ ಅಂಕಿಯಲ್ಲಿ ಯಾವ ಮೋಸವೂ ಇಲ್ಲ. ಆದರೂ ಅವರು ನೂಲನ್ನು ಎರಡು ಬೆರಳುಗಳ ನಡುವೆ ಹಿಡಿದು ಸ್ವಲ್ಪ ತಿರುವು ಬಿಚ್ಚಿ ಎಳೆದು ನೋಡುತ್ತಿದ್ದರು, ಏಕೆಂದರೆ ಒಂದೇ ಕೌಂಟ್‌ನ ಎರಡು ನೂಲುಗಳಲ್ಲಿ ಒಂದು ಮಗ್ಗದ ಮೇಲೆ ನಿಲ್ಲುತ್ತದೆ, ಇನ್ನೊಂದು ಕಿತ್ತುಹೋಗುತ್ತದೆ. ಸ್ಟಾಪರ್‌ನ 3.9 ನೋಡಿದಾಗ ನನಗೆ ಆ ಬೆರಳುಗಳು ನೆನಪಾದವು.

ಗೋಲು ಬಿದ್ದದ್ದು ಎಪ್ಪತ್ತೊಂದನೇ ನಿಮಿಷದಲ್ಲಿ. ಕೆಸರಿನ ಕಡೆಯಿಂದ ಅವರ ಬ್ಯಾಕ್ ಒಬ್ಬ ಕಣ್ಣು ಮುಚ್ಚಿ ಹೊಡೆದ ಚೆಂಡು ಮಧ್ಯಗೆರೆಯನ್ನೂ ದಾಟಿ ನಮ್ಮ ಕಡೆಯ ಗರಸಿನ ಮೇಲೆ ಬಿದ್ದು ಆಳೆತ್ತರಕ್ಕೆ ಪುಟಿಯಿತು. ಸ್ಟಾಪರ್ ಹಿಂದೆ ಓಡುತ್ತಿದ್ದ, ಗೋಲ್‌ಕೀಪರ್ ಮುಂದೆ ಬರುತ್ತಿದ್ದ. ಸ್ಟಾಪರ್ ತಲೆಯಿಂದ ಚೆಂಡನ್ನು ಕೀಪರ್‌ಗೆಂದು ಹಿಂದಕ್ಕೆ ತಳ್ಳಿದ. ಕೀಪರ್ ಅಷ್ಟರಲ್ಲಿ ಅವನ ಪಕ್ಕದಲ್ಲೇ ಬಂದು ನಿಂತಿದ್ದ. ಚೆಂಡು ಅವನ ತಲೆಯ ಮೇಲಿಂದ ಹೋಯಿತು. ಅವರ ಮುಂಚೂಣಿ ಹುಡುಗ ಖಾಲಿ ಗೋಲಿನೊಳಗೆ ಅದನ್ನು ದನ ಕೊಟ್ಟಿಗೆಗೆ ಹೊಡೆದುಕೊಂಡು ಹೋದಂತೆ ನಿಧಾನವಾಗಿ ಹೊಡೆದುಕೊಂಡು ಹೋದ. ಸೇವೆಯವರ ವಿಡಿಯೊದಲ್ಲಿ ಇದನ್ನು ಎಷ್ಟು ಸಲ ನೋಡಿದರೂ ತಪ್ಪು ಸ್ಟಾಪರ್‌ನದೇ. ಕೀಪರ್ ಬರುತ್ತಿರುವಾಗ ಇವನು ತಲೆ ಏಕೆ ಕೊಟ್ಟ?

ಉತ್ತರ ಸಿಕ್ಕಿದ್ದು ಮೂರನೇ ದಿನ. ಆ ಗೋಲಿನ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಬಿ.ಕಾಂ. ಹುಡುಗನೊಬ್ಬ ತನ್ನ ಮೊಬೈಲ್‌ನಲ್ಲಿ ಸುಮ್ಮನೆ ಚಿತ್ರೀಕರಿಸಿದ್ದನ್ನು ತಂದು ತೋರಿಸಿದ. ಚಿತ್ರ ಅಲುಗಾಡುತ್ತದೆ, ಅರ್ಧ ಭಾಗ ಅವನದೇ ಮೊಣಕಾಲು. ಆದರೆ ಅದರಲ್ಲಿ ಸದ್ದಿತ್ತು. ಸೇವೆಯವರ ವಿಡಿಯೊ ಮೂಕ. ಧ್ವನಿ ಅವರ ಯೋಜನೆಯಲ್ಲೇ ಇಲ್ಲ. ಮೊಬೈಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳುತ್ತದೆ. ಆಮೇಲೆ ಒಂದು ಸೆಕೆಂಡಿನಷ್ಟು ಏನೂ ಇಲ್ಲ, ಬೂಟಿನ ಸದ್ದು ಮಾತ್ರ. ಆಮೇಲೆ ಚೆಂಡಿಗೆ ತಲೆ ತಗುಲಿದ ಸದ್ದು, ಅದರೊಟ್ಟಿಗೇ ಕೀಪರ್‌ನ ದನಿ: "ಬಿಡಿ ಅಣ್ಣ..." ಕೊನೆಯ ಅಕ್ಷರ ನುಂಗಿಹೋಗಿದೆ.

ನಮ್ಮ ಖಾಯಂ ಕೀಪರ್ ಹದಿನೈದು ದಿನಗಳ ಹಿಂದೆ ಅಭ್ಯಾಸದಲ್ಲಿ ಬೆರಳು ಮುರಿದುಕೊಂಡಿದ್ದ. ಅವನೂ ಕೊನೆಯ ವರ್ಷದವನು, ಸ್ಟಾಪರ್‌ನ ಜೊತೆಗಾರ, ಇಬ್ಬರೂ ಪಿಯುಸಿಯಿಂದ ಒಟ್ಟಿಗೆ ಆಡಿದವರು. ಡಿ ಹತ್ತಿರ ಚೆಂಡು ಬಂದರೆ ಅವನು "ನಂದು, ಬಿಡಲೇ!" ಎಂದು ಕೂಗುವುದು ಮೈದಾನದಾಚೆಯ ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು, ಅವನ ಬಾಯಿಗೆ ಕಡಿವಾಣ ಹಾಕಿ ಎಂದು ಪ್ರಾಂಶುಪಾಲರು ಒಮ್ಮೆ ನನಗೆ ಹೇಳಿದ್ದೂ ಉಂಟು. ಸೆಮಿಫೈನಲ್‌ನಲ್ಲಿ ಗೋಲು ಕಾದವನು ಜಗಳೂರು ಕಡೆಯ, ಮೊದಲ ವರ್ಷದ ಹುಡುಗ. ಕೈ ಚುರುಕು, ಎತ್ತರವೂ ಇದೆ, ಅಭ್ಯಾಸದಲ್ಲಿ ಒಂದೂ ಚೆಂಡು ಬಿಡುವುದಿಲ್ಲ. ಹಾಸ್ಟೆಲ್‌ನಲ್ಲಿ ಸ್ಟಾಪರ್ ಹಾದುಹೋದರೆ ಎದ್ದು ನಿಲ್ಲುವಂಥವನು. ಅವನನ್ನು ಕರೆದು, ಏಕೆ ತಡವಾಗಿ ಕೂಗಿದೆಯಪ್ಪಾ ಎಂದು ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, "ಅಣ್ಣಗೆ ಹೆಂಗ್ ಬಿಡು ಅನ್ಲಿ ಸರ್? ಅಣ್ಣಾನೇ ತಗೊಂತಾನೇನೋ ಅನ್ಕೊಂಡೆ" ಎಂದ.

ಆ ಒಂದು ಸೆಕೆಂಡ್ ಎಲ್ಲಿಗೆ ಹೋಯಿತೆಂದು ಆಗ ತಿಳಿಯಿತು. ಕೀಪರ್ ಕೂಗುವವರೆಗೆ ಚೆಂಡು ಸ್ಟಾಪರ್‌ನದು ಎಂಬುದು ನಮ್ಮ ತಂಡದಲ್ಲಿ ರೂಢಿಯಲ್ಲಿರುವ ಕ್ರಮ. ಕೂಗು ಬರಲಿಲ್ಲ, ಅವನು ತಲೆ ಕೊಟ್ಟ. ಅವನು ಮಾಡಿದ್ದು ಸರಿಯಾಗಿತ್ತು. ಕೀಪರ್ ಮುಂದೆ ಬಂದದ್ದೂ ಸರಿಯಾಗಿತ್ತು. ನಡುವೆ ಒಂದು ಏಕವಚನ ಬಾಯಿಗೆ ಬರಲಿಲ್ಲ. ವರದಿ ಈ ಘಟನೆಯಲ್ಲಿ ಕೀಪರ್‌ಗೆ ಯಾವ ಗುರುತನ್ನೂ ಹಾಕಿರಲಿಲ್ಲ, ಏಕೆಂದರೆ ಅವನು ಚೆಂಡನ್ನು ಮುಟ್ಟಲೇ ಇಲ್ಲ. ಅವನಿಗೆ ಹತ್ತಕ್ಕೆ 6.3 ಕೊಟ್ಟಿತ್ತು. ಚೆಂಡನ್ನು ಯಾರು ಮುಟ್ಟಿದರೋ ಅವರನ್ನು ಮಾತ್ರ ಅದು ಬಲ್ಲದು. ಮುಟ್ಟದೆ ಬಿಟ್ಟವನು, ಕೂಗದೆ ಉಳಿದವನು, ಬಾರದ ಪಾಸ್‌ಗಾಗಿ ಇಪ್ಪತ್ತು ಸಲ ಓಡಿ ಇಬ್ಬರನ್ನು ತನ್ನ ಹಿಂದೆ ಎಳೆದುಕೊಂಡು ಹೋದವನು, ಇವರಿಗೆಲ್ಲ ಅದರಲ್ಲಿ ಸಾಲುಗಳಿಲ್ಲ. ಬಿಟ್ಟುಹೋದ ಮೌಲ್ಯವೇ ಉತ್ತರವನ್ನು ನಿರ್ಧರಿಸುವ ಸಂದರ್ಭಗಳಿರುತ್ತವೆ ಎಂದು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ, ಉದಾಹರಣೆಗೆ ಪಠ್ಯದಲ್ಲಿರುವ ಯಾವುದೋ ಕಾರ್ಖಾನೆಯದನ್ನು ಕೊಡುತ್ತೇನೆ. ಇನ್ನು ಮುಂದೆ ಬೇರೆ ಉದಾಹರಣೆ ಇದೆ.

ಸಂಸ್ಥೆಯವರಿಗೆ ಫೋನ್ ಮಾಡಿ, ಕ್ಯಾಮೆರಾದೊಂದಿಗೆ ಧ್ವನಿಯನ್ನೂ ಕೊಡಲು ಸಾಧ್ಯವೇ ಎಂದು ವಿಚಾರಿಸಿದೆ. ಕಂಬದ ಮೇಲೆ ಗಾಳಿಯ ಸದ್ದೇ ಹೆಚ್ಚು ಬರುತ್ತದೆ, ಯಾರೂ ಇದುವರೆಗೆ ಕೇಳಿಲ್ಲ ಎಂದು ಸಹಾಯವಾಣಿಯ ಹುಡುಗಿ ಸೌಜನ್ಯದಿಂದಲೇ ಹೇಳಿದಳು. ಆಟಗಾರರಿಗೆ ಅಂಕ ಕೊಡುವ ಪುಟವನ್ನು ತೆಗೆದು ಕಳಿಸುವಂತೆ ಕೇಳಿದ್ದಕ್ಕೆ ಒಪ್ಪಿದಳು, ಮುಂದಿನ ಸಲದಿಂದ ಆ ಪುಟ ವ್ಯವಸ್ಥಾಪಕರಿಗೆ ಮಾತ್ರ ಬರುತ್ತದಂತೆ. ವರದಿ ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮ ತಂಡದ ಅರ್ಧಕ್ಕಿಂತ ಹೆಚ್ಚು ಹುಡುಗರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಾಗಿರುವುದರಿಂದ ಅವರು ಬಣ್ಣ ನೋಡುತ್ತಾರೆ, ಅಂಕಿ ನೋಡುತ್ತಾರೆ, ನಡುವಿನ ವಿವರಣೆಯನ್ನು ಬಿಟ್ಟುಬಿಡುತ್ತಾರೆ. ಏಳನೇ ಪುಟ ಯಾರ ಕಣ್ಣಿಗೂ ಬೀಳದಿರಲು ಅದೂ ಒಂದು ಕಾರಣ. ವಿಡಿಯೊ ಮೂವತ್ತು ದಿನ ಮಾತ್ರ ಅವರ ಬಳಿ ಇರುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಬೇಕು.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅಂಕ ಕೊಡುವುದರ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೂ. ವಿಡಿಯೊ ಒಂದಕ್ಕೇ ಅರ್ಧ ಹಣ ಸಲ್ಲುತ್ತದೆ. ಮೈದಾನದ ಪಕ್ಕದಲ್ಲಿ ನಿಂತು ಕಾಣದ್ದು, ಅಂದರೆ ಮೈದಾನದ ನಡುವೆ ಆಡುವ ನಮ್ಮ ಹಾಫ್‌ಗಳಿಬ್ಬರೂ ಒಟ್ಟಿಗೇ ಮುಂದೆ ಹೋಗಿ ಹಿಂದೆ ಹಳ್ಳ ಬಿಡುವುದು, ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ತಂಡದ ಜೊತೆ ಕೂತು ಪುಟಪುಟವನ್ನೂ ಬಿಡಿಸಿ ಹೇಳುವವರಿದ್ದರೆ ಕೊಳ್ಳಬಹುದು. ಪಿಡಿಎಫ್‌ ಅನ್ನು ಗುಂಪಿಗೆ ಹಾಕಿ ಕೈತೊಳೆದುಕೊಳ್ಳುವ ವ್ಯವಸ್ಥಾಪಕರಿದ್ದರೆ, ಆ ದಿನ ನಾನಿದ್ದಂತೆ, ಆ 4,720 ರೂಪಾಯಿಗೆ ಹುಡುಗರಿಗೆ ಎರಡು ಸಲ ಬೆಣ್ಣೆ ದೋಸೆ ಕೊಡಿಸುವುದು ಒಳ್ಳೆಯದು. ನಮ್ಮಲ್ಲಿ ಗೆದ್ದ ದಿನ ಬೆಣ್ಣೆ ದೋಸೆ, ಸೋತ ದಿನ ಮಂಡಕ್ಕಿ-ಮಿರ್ಚಿ ಎಂಬ ಕಟ್ಟಳೆ ಇದೆ. ಆ ಸಂಜೆ ಮಂಡಕ್ಕಿಯ ಪೊಟ್ಟಣ ಹಿಡಿದು ಸ್ಟಾಪರ್ ಒಂದು ಮೂಲೆಯಲ್ಲಿ, ಕೀಪರ್ ಇನ್ನೊಂದು ಮೂಲೆಯಲ್ಲಿ ಕೂತಿದ್ದದ್ದನ್ನು ಆಗ ನಾನು ಬೇಸರವೆಂದಷ್ಟೇ ತಿಳಿದಿದ್ದೆ.

ಮುಂದಿನ ತಿಂಗಳ ಸೌಹಾರ್ದ ಪಂದ್ಯಕ್ಕೆ ಇದೇ ಸೇವೆಯನ್ನು ಮತ್ತೊಮ್ಮೆ ಕಾಯ್ದಿರಿಸಿದ್ದೇನೆ. ಈ ಸಲ ಕಂಬ ದಕ್ಷಿಣದ ಕಡೆ. ಎರಡೂ ಗೋಲುಗಳ ಹಿಂದೆ ಒಬ್ಬೊಬ್ಬ ಹುಡುಗ ಮೊಬೈಲ್ ಹಿಡಿದು ಕೂರುತ್ತಾನೆ, ಅದಕ್ಕೆ ಖರ್ಚಿಲ್ಲ. ಮೊಬೈಲ್‌ನ ವಿಡಿಯೊವನ್ನು ಎಲ್ಲರ ಮುಂದೆ ಹಾಕಿ ತೋರಿಸಿದ ದಿನವೇ ಸ್ಟಾಪರ್ ಅಭ್ಯಾಸಕ್ಕೆ ಮರಳಿದ. ಡಿ ಒಳಗೆ ಯಾರೂ ಯಾರಿಗೂ ಅಣ್ಣನಲ್ಲ ಎಂದು ದೈಹಿಕ ಶಿಕ್ಷಣ ನಿರ್ದೇಶಕರು ಘೋಷಿಸಿ, ಕೀಪರ್‌ನನ್ನು ಗೋಲಿನಲ್ಲಿ ನಿಲ್ಲಿಸಿ, ಮೇಲಿನಿಂದ ಚೆಂಡು ಹಾಕುತ್ತ ಪ್ರತಿ ಸಲ "ಬಿಡಲೇ" ಎಂದು ಕೂಗಲು ಹೇಳಿದರು. ಮೊದಲ ಹತ್ತು ಚೆಂಡುಗಳಿಗೆ ಹುಡುಗನ ಬಾಯಿಂದ ಏನೂ ಹೊರಡಲಿಲ್ಲ. ಹನ್ನೊಂದನೆಯದಕ್ಕೆ ಗೋಡೆಯಾಚೆಗೂ ಕೇಳುವಂತೆ "ಬಿಡ್ರೀ!" ಎಂದು ಕೂಗಿದ. ನಿರ್ದೇಶಕರು ತಲೆ ಚಚ್ಚಿಕೊಂಡರು. ಸ್ಟಾಪರ್ ಮಾತ್ರ ಪಕ್ಕಕ್ಕೆ ಸರಿದು ಚೆಂಡನ್ನು ಬಿಟ್ಟುಕೊಟ್ಟು, "ಇದೇ ಇರ್ಲಿ ಸರ್, ಬೇಗ ಬಂತು" ಎಂದ.